ಮಿನಮಾಟದ ಬೆಕ್ಕುಗಳು

ಜಪಾನಿನ ಕ್ಯೂಶೂ ದ್ವೀಪದ ಪಶ್ಚಿಮ ಕರಾವಳಿಯಲ್ಲಿ ಮಿನಮಾಟ ಎಂಬ ಊರಿದೆ. ಅದರ ಸುತ್ತಲಿನ ಮೀನುಗಾರರ ಕೇರಿಗಳಲ್ಲಿ 1950ರ ದಶಕದ ಆರಂಭದಿಂದ ಸಾಕುಬೆಕ್ಕುಗಳು ಹುಚ್ಚೆದ್ದು ಸಾಯತೊಡಗಿದವು. ಅದುವರೆಗೆ ಮನೆಯ ಮೂಲೆಯಲ್ಲಿ ಸಾಧುವಾಗಿ ಬಿದ್ದುಕೊಂಡಿರುತ್ತಿದ್ದ ಬೆಕ್ಕು ಒಂದು ದಿನ ಜೊಲ್ಲು ಸುರಿಸುತ್ತ ತೂರಾಡುತ್ತಿತ್ತು. ಹಿಂಗಾಲು ಅದರ ಮಾತು ಕೇಳುತ್ತಿರಲಿಲ್ಲ. ಆಮೇಲೆ ಯಾರೂ ಬೆದರಿಸದಿದ್ದರೂ ಬೆಚ್ಚಿಬಿದ್ದು ಕಿರುಚುತ್ತ ಓಡುವುದು, ಗೋಡೆಗೆ ಮುಖ ಗುದ್ದಿಕೊಳ್ಳುವುದು, ನಿಂತಲ್ಲೇ ಗಿರಗಿರನೆ ಸುತ್ತುವುದು, ಸೆಟೆದು ಬಿದ್ದು ಒದ್ದಾಡುವುದು. ಸ್ವಲ್ಪ ಹೊತ್ತು ಸುಸ್ತಾಗಿ ಬಿದ್ದಿದ್ದು ಮತ್ತೆ ಎದ್ದು ಅದೇ ಆರ್ಭಟ. ಕೆಲವು ಉರಿಯುವ ಒಲೆಗೆ ನುಗ್ಗಿದವು, ಕೆಲವು ದಡದಿಂದ ಸಮುದ್ರಕ್ಕೆ ಬಿದ್ದು ಮುಳುಗಿದವು. ಊರವರು ಇದನ್ನು ಬೆಕ್ಕಿನ ಕುಣಿತದ ರೋಗ ಎಂದು ಕರೆದರು. ಬೆಕ್ಕುಗಳು ಆತ್ಮಹತ್ಯೆ ಮಾಡಿಕೊಳ್ಳುತ್ತಿವೆ ಎಂಬ ಮಾತೂ ಹುಟ್ಟಿತು.

ಆ ಕೇರಿಗಳಲ್ಲಿ ಬೆಕ್ಕು ಮುದ್ದಿಗಾಗಿ ಸಾಕಿದ ಪ್ರಾಣಿ ಮಾತ್ರವಲ್ಲ, ಮನೆಯ ದುಡಿಮೆಯಲ್ಲಿ ಅದಕ್ಕೂ ಪಾಲಿತ್ತು. ನೂಲಿನ ಬಲೆಗೆ ಮೀನಿನ ವಾಸನೆ ಹತ್ತಿಕೊಂಡಿರುತ್ತದೆ. ರಾತ್ರಿ ಇಲಿಗಳು ಬಂದು ಬಲೆ ಕಡಿದರೆ ಮನೆಯ ಬಂಡವಾಳವೇ ಹೋದಂತೆ. ಹಾಗಾಗಿ ಮೋದೊ, ಯುದೊ, ತ್ಸುಕಿನೊಉರದಂಥ ಕೊಲ್ಲಿಯಂಚಿನ ಕೇರಿಗಳಲ್ಲಿ ಬೆಕ್ಕಿಲ್ಲದ ಮನೆ ಅಪರೂಪ. ಗುಡ್ಡ ಸಮುದ್ರಕ್ಕೆ ಇಳಿಯುವ ಆ ಜಾಗಗಳಲ್ಲಿ ಸಾಗುವಳಿಗೆ ನೆಲ ಕಡಿಮೆ, ಅಕ್ಕಿ ಕೊಳ್ಳಲು ಕಾಸೂ ಕಡಿಮೆ. ದಿನದ ಊಟವೆಂದರೆ ಬಹುಮಟ್ಟಿಗೆ ಮೀನು, ಚಿಪ್ಪು, ಆಕ್ಟೋಪಸ್. ಬಲೆಗೆ ಬಿದ್ದದ್ದರಲ್ಲಿ ಮಾರಾಟವಾಗದ ಚಿಲ್ಲರೆ ಮೀನು, ತಲೆ, ಕರುಳು ಬೆಕ್ಕಿನ ಪಾಲಿಗೆ. ಮನುಷ್ಯರು ತಿನ್ನುವ ಮೀನನ್ನೇ, ಅವರಿಗಿಂತ ಹತ್ತಾರು ಪಟ್ಟು ಹಗುರವಾದ ಮೈಯ ಪ್ರಾಣಿಯೊಂದು ಹೊತ್ತುಹೊತ್ತಿಗೂ ತಿನ್ನುತ್ತಿತ್ತು. ಮುಂದೆ ನಡೆದುದಕ್ಕೆಲ್ಲ ಈ ಲೆಕ್ಕವೇ ಬುಡ.

ಮಿನಮಾಟದ ಇನ್ನೊಂದು ಮುಖ ಕಾರ್ಖಾನೆಯದು. ನೊಗುಚಿ ಶಿತಗಾವು ಎಂಬ ಎಂಜಿನಿಯರ್ 1906ರಲ್ಲಿ ಒಳನಾಡಿನಲ್ಲಿ ಜಲವಿದ್ಯುತ್ ಕಂಪನಿ ಕಟ್ಟಿದರು. ಉಳಿದ ವಿದ್ಯುತ್ತನ್ನು ಬಳಸಿಕೊಳ್ಳಲು 1908ರಲ್ಲಿ ಮಿನಮಾಟದಲ್ಲಿ ಕಾರ್ಬೈಡ್ ಕಾರ್ಖಾನೆ ಎದ್ದಿತು. ಅಲ್ಲಿಂದ ರಸಗೊಬ್ಬರ, ರಸಗೊಬ್ಬರದಿಂದ ಸಾವಯವ ರಸಾಯನಗಳು. ಮುಂದೆ ಚಿಸ್ಸೊ ಎಂದು ಹೆಸರಾದ ಈ ಕಂಪನಿ ಬೆಳೆದಂತೆ ಊರೂ ಬೆಳೆಯಿತು. ಮೀನುಗಾರರಿಗೂ ಕಾರ್ಖಾನೆಗೂ ಜಗಳ ಹೊಸದಲ್ಲ. ಕೊಳಚೆಯಿಂದ ಮೀನು ಕಡಿಮೆಯಾದುದಕ್ಕೆ 1926ರಲ್ಲೇ ಕಂಪನಿ 1,500 ಯೆನ್ ಕೊಟ್ಟಿತ್ತು. ಅದು ಪರಿಹಾರವಲ್ಲ, ಸಹಾನುಭೂತಿಯ ಹಣ. ಇನ್ನು ಮುಂದೆ ದೂರು ತರಕೂಡದೆಂಬ ಷರತ್ತೂ ಇತ್ತು. 1943ರಲ್ಲಿ ಮತ್ತೊಮ್ಮೆ ದುಡ್ಡು ಕೈಬದಲಾಯಿತು. ಕೊಟ್ಟು ಬಾಯಿ ಮುಚ್ಚಿಸುವ ಈ ಪದ್ಧತಿ ರೋಗಕ್ಕಿಂತ ಬಹಳ ಹಳೆಯದು ಎಂಬುದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಕಾರ್ಖಾನೆ 1932ರಲ್ಲಿ ಅಸಿಟಾಲ್ಡಿಹೈಡ್ ತಯಾರಿಕೆ ಶುರುಮಾಡಿತು. ಕಾರ್ಬೈಡಿನಿಂದ ಬರುವ ಅಸಿಟಲೀನ್ ಅನಿಲವನ್ನು ಪಾದರಸದ ಸಲ್ಫೇಟ್ ಕರಗಿಸಿದ ಆಮ್ಲದೊಳಗೆ ಹಾಯಿಸಿದರೆ ಅಸಿಟಾಲ್ಡಿಹೈಡ್ ಸಿಗುತ್ತದೆ. ಪಾದರಸ ಇಲ್ಲಿ ವೇಗವರ್ಧಕ ಮಾತ್ರ, ಸರಕಿನಲ್ಲಿ ಸೇರುವುದಿಲ್ಲ. ಆದರೆ ಈ ಕ್ರಿಯೆಯ ನಡುವೆ ಅದರ ಚೂರುಪಾರು ಮೀಥೈಲ್ ಪಾದರಸವಾಗಿ ಮಾರ್ಪಡುತ್ತದೆ. 1951ರಲ್ಲಿ ಕಾರ್ಖಾನೆ ಮಿಶ್ರಣದಲ್ಲಿ ಮ್ಯಾಂಗನೀಸ್ ಡೈಆಕ್ಸೈಡ್ ಬಳಸುವುದನ್ನು ಬಿಟ್ಟ ಮೇಲೆ ಈ ಉಪೋತ್ಪನ್ನ ಹೆಚ್ಚಿತು. ಉತ್ಪಾದನೆಯೂ ಏರುತ್ತಿತ್ತು: 1932ರಲ್ಲಿ 210 ಟನ್, 1951ರಲ್ಲಿ 6,000 ಟನ್, 1960ರಲ್ಲಿ 45,000 ಟನ್‌ಗೂ ಮೇಲೆ. ಯುದ್ಧಾನಂತರದ ಜಪಾನಿನ ಪ್ಲಾಸ್ಟಿಕ್ ಉದ್ಯಮಕ್ಕೆ ಬೇಕಾದ ಮೃದುಕಾರಿಗಳು ಈ ಅಸಿಟಾಲ್ಡಿಹೈಡಿನಿಂದಲೇ ಹೊರಡುತ್ತಿದ್ದವು. ತ್ಯಾಜ್ಯ ನೀರು ಹ್ಯಾಕ್ಕೆನ್ ಎಂಬಲ್ಲಿಯ ಕಾಲುವೆಯಿಂದ ನೇರವಾಗಿ ಮಿನಮಾಟ ಕೊಲ್ಲಿಗೆ ಇಳಿಯುತ್ತಿತ್ತು. ಈ ತಯಾರಿಕಾ ವಿಧಾನವನ್ನು ಕಾರ್ಖಾನೆಯಲ್ಲಿ ರೂಪಿಸಿದ ಹಶಿಮೊಟೊ ಹಿಕೊಶಿಚಿ ಅವರೇ 1950ರಿಂದ ನಗರದ ಮೇಯರ್ ಆಗಿದ್ದರು ಎಂದರೆ ಊರಿಗೂ ಕಂಪನಿಗೂ ಇದ್ದ ಹೊಕ್ಕುಬಳಕೆಯ ಅಂದಾಜು ಸಿಕ್ಕೀತು.

ಮೊದಲು ಕೊಲ್ಲಿಯ ತಳದ ಕಡಲಪಾಚಿ ಬೆಳೆಯುವುದು ನಿಂತಿತು. ಮೀನು ಹೊಟ್ಟೆ ಮೇಲಾಗಿ ತೇಲತೊಡಗಿತು. ಹಾರುತ್ತಿದ್ದ ಕಾಗೆಗಳು ದೊಪ್ಪನೆ ನೆಲಕ್ಕೆ ಬಿದ್ದವು. ಬೆಕ್ಕುಗಳ ಸರದಿ ಬಂದದ್ದು ಆಮೇಲೆ.

ಇದು ಪತ್ರಿಕೆಗೆ ಬಂದ ಬಗೆ ವಿಚಿತ್ರ. 1954ರ ಆಗಸ್ಟ್ 1ರ ಕುಮಾಮೊಟೊ ನಿಚಿನಿಚಿ ಪತ್ರಿಕೆ ಮೋದೊ ಕೇರಿಯ ಸುದ್ದಿಯೊಂದನ್ನು ಅಚ್ಚುಹಾಕಿತು. ಸುಮಾರು 120 ಮನೆಗಳ ಆ ಕೇರಿಯಲ್ಲಿದ್ದ ನೂರಕ್ಕೂ ಹೆಚ್ಚು ಬೆಕ್ಕುಗಳು ಅಪಸ್ಮಾರದಂಥ ರೋಗದಿಂದ ಬೇಸಿಗೆಯೊಂದರಲ್ಲೇ ಹೆಚ್ಚುಕಡಿಮೆ ನಿರ್ನಾಮವಾಗಿದ್ದವು. ಬೇರೆ ಊರುಗಳಿಂದ ತಂದ ಬೆಕ್ಕುಗಳೂ ಉಳಿಯಲಿಲ್ಲ. ಹಿಡಿಯುವವರಿಲ್ಲದೆ ಇಲಿಗಳು ವಿಪರೀತ ಹೆಚ್ಚಿ, ಇಲಿ ನಿಯಂತ್ರಣ ಮಾಡಿಕೊಡಿ ಎಂದು ಕೇರಿಯವರು ನಗರಾಡಳಿತದ ಮೊರೆಹೋಗಿದ್ದರು. ಸುದ್ದಿಯ ತಿರುಳು ಇಲಿಗಳ ಕಾಟ. ನೂರು ಬೆಕ್ಕುಗಳು ಏಕೆ ಸತ್ತವು ಎಂಬ ಪ್ರಶ್ನೆಗೆ ಯಾವ ಇಲಾಖೆಯಲ್ಲೂ ಕಡತ ತೆರೆಯಲಿಲ್ಲ. ಇದನ್ನು ಅಧಿಕಾರಿಗಳ ದಡ್ಡತನವೆಂದು ತಳ್ಳಿಹಾಕುವುದು ಸುಲಭ. ಆದರೆ ಬೆಕ್ಕಿಗೆ ಹುಚ್ಚು ಹಿಡಿದರೆ ಅದು ಬೆಕ್ಕಿನದೇ ರೋಗ ಎಂಬ ನಂಬಿಕೆ ಎಲ್ಲ ಕಡೆಯೂ ಇತ್ತು, ಇಂದಿಗೂ ಇದೆ. ಅದೇ ಬೋಗುಣಿಯ ಮೀನನ್ನು ಮನೆಮಂದಿಯೂ ತಿನ್ನುತ್ತಿದ್ದಾರೆ ಎಂಬ ಕಡೆಗೆ ಯಾರ ಗಮನವೂ ಹೋಗಲಿಲ್ಲ.

ಆ ಬೆಕ್ಕುಗಳ ಮೈಯೊಳಗೆ ನಡೆಯುತ್ತಿದ್ದುದು ಈಗ ಚೆನ್ನಾಗಿ ತಿಳಿದಿದೆ. ಮೀಥೈಲ್ ಪಾದರಸ ಮೀನಿನ ಮಾಂಸದ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ತೊಳೆದರೂ ಬೇಯಿಸಿದರೂ ಹೋಗುವುದಿಲ್ಲ. ಹೊಟ್ಟೆಗೆ ಹೋದದ್ದು ಬಹುತೇಕ ಪೂರ್ತಿ ರಕ್ತ ಸೇರುತ್ತದೆ. ಅಲ್ಲಿ ಸಿಸ್ಟೀನ್ ಎಂಬ ಅಮೈನೋ ಆಮ್ಲದ ಜೊತೆಗೂಡಿದಾಗ ಅದರ ಆಕಾರ ಮಿದುಳಿಗೆ ಬೇಕಾದ ಇನ್ನೊಂದು ಅಮೈನೋ ಆಮ್ಲವನ್ನು ಹೋಲುತ್ತದೆ. ಹಾಗಾಗಿ ಮಿದುಳಿನ ಕಾವಲು ಅದನ್ನು ತಡೆಯದೆ ಒಳಕ್ಕೆ ಬಿಡುತ್ತದೆ. ಕಿರುಮಿದುಳಿನ ಸಣ್ಣ ಜೀವಕೋಶಗಳು ಸಾಯುತ್ತವೆ: ಕಾಲುಗಳ ಹದ ತಪ್ಪುತ್ತದೆ, ಗುರಿಯಿಟ್ಟು ಹಾರುವ ಪ್ರಾಣಿ ಎಡವಿ ಬೀಳುತ್ತದೆ. ಮಿದುಳಿನ ಹೊರಪದರದಲ್ಲಿ ನೋಟ, ಸ್ಪರ್ಶ, ಚಲನೆಗೆ ಸಂಬಂಧಿಸಿದ ಭಾಗಗಳು ಕೆಡುತ್ತವೆ, ಸೆಳೆತ ಹುಟ್ಟುತ್ತದೆ. ಕಣ್ಣಿಗೆ ಸರಿಯಾಗಿ ಕಾಣದ, ಕಾಲು ತನ್ನದಲ್ಲದ, ಮೇಲಿಂದ ಮೇಲೆ ಸೆಳೆತಕ್ಕೆ ಸಿಗುವ ಪ್ರಾಣಿಗೆ ಪರಿಚಯದ ಕೈಯೂ ಎದುರಾಳಿಯಂತೆ ತೋರಿದರೆ ಆಶ್ಚರ್ಯವಿಲ್ಲ. ಹೊರಗೆ ನಿಂತು ನೋಡಿದವರಿಗೆ ಅದು ಕೋಪವಾಗಿ, ದೆವ್ವ ಹಿಡಿದಂತೆ ಕಾಣುತ್ತಿತ್ತು. ಸಮುದ್ರಕ್ಕೆ ಹಾರಿದವು ಎನ್ನಲಾದ ಬೆಕ್ಕುಗಳೂ ಹಾರಿರಲಾರವು. ದಡದ ಅಂಚು ಕಾಣದೆ, ಓಟ ನಿಲ್ಲಿಸಲಾಗದೆ ಬಿದ್ದವು ಎನ್ನುವುದೇ ಹೆಚ್ಚು ಸರಿ.

1956ರ ಏಪ್ರಿಲ್ 21ರಂದು ಐದು ವರ್ಷದ ಹುಡುಗಿಯೊಬ್ಬಳನ್ನು ಚಿಸ್ಸೊ ಕಾರ್ಖಾನೆಯ ಆಸ್ಪತ್ರೆಗೆ ಕರೆತಂದರು. ನಡಿಗೆ ತಡವರಿಸುತ್ತಿತ್ತು, ಮಾತು ತೊದಲುತ್ತಿತ್ತು, ಸೆಳೆತ ಬರುತ್ತಿತ್ತು. ಕೆಲವೇ ದಿನಗಳಲ್ಲಿ ಅವಳ ತಂಗಿಗೂ ಅದೇ ಲಕ್ಷಣ. ನೆರೆಮನೆಯಲ್ಲೂ ಇನ್ನೊಂದು ಮಗು ಹೀಗೇ ಇದೆ ಎಂದು ತಾಯಿ ಹೇಳಿದಳು. ಆಸ್ಪತ್ರೆಯ ಮುಖ್ಯಸ್ಥ ಡಾ. ಹೊಸೊಕಾವಾ ಹಾಜಿಮೆ ಮೇ 1ರಂದು ಕಾರಣ ತಿಳಿಯದ ನರರೋಗವೊಂದು ಕಾಣಿಸಿಕೊಂಡಿದೆ ಎಂದು ಸ್ಥಳೀಯ ಆರೋಗ್ಯ ಕೇಂದ್ರಕ್ಕೆ ವರದಿ ಮಾಡಿದರು. ಮಿನಮಾಟ ರೋಗ ಅಧಿಕೃತವಾಗಿ ಪತ್ತೆಯಾದ ದಿನವೆಂದು ಇದನ್ನೇ ಗುರುತಿಸುತ್ತಾರೆ. ಆ ವರ್ಷದ ಶರತ್ಕಾಲದ ಹೊತ್ತಿಗೆ 40 ರೋಗಿಗಳು ಪತ್ತೆಯಾಗಿದ್ದರು, ಅವರಲ್ಲಿ 14 ಜನ ತೀರಿಕೊಂಡಿದ್ದರು. ಅಂಟುರೋಗವೆಂಬ ಶಂಕೆಯಿಂದ ಮನೆಗಳಿಗೆ ಔಷಧಿ ಸಿಂಪಡಿಸಿದರು, ರೋಗಿಗಳನ್ನು ಪ್ರತ್ಯೇಕ ಆಸ್ಪತ್ರೆಗೆ ಸಾಗಿಸಿದರು. ಊರವರು ಆ ಕೇರಿಗಳ ಕಡೆ ಹಾಯುವುದನ್ನೂ ಅಲ್ಲಿಯವರ ಕೈಯಿಂದ ಕಾಸು ಮುಟ್ಟುವುದನ್ನೂ ಬಿಟ್ಟರು.

ಬೆಕ್ಕುಗಳ ನೆನಪು ಈಗ ಬಂತು. ಕುಮಾಮೊಟೊ ವಿಶ್ವವಿದ್ಯಾಲಯದ ತಂಡ ಆಗಸ್ಟ್‌ನಲ್ಲಿ ಕೆಲಸ ಆರಂಭಿಸಿ ಮನೆಮನೆ ಸುತ್ತಿ ವಿಚಾರಿಸಿತು. ರೋಗಿಗಳಿದ್ದ ಮನೆಗಳಲ್ಲಿ ಬೆಕ್ಕುಗಳ ಬಹುಪಾಲು ಸತ್ತಿತ್ತು, ರೋಗಿಗಳಿಲ್ಲದ ಮನೆಗಳಲ್ಲಿ ಸಾವು ಗಮನಾರ್ಹವಾಗಿ ಕಡಿಮೆಯಿತ್ತು. ಬೆಕ್ಕು ಮತ್ತು ಮನುಷ್ಯ ಒಂದೇ ರೋಗದಿಂದ ನರಳುತ್ತಿದ್ದಾರೆ, ಇಬ್ಬರ ನಡುವಣ ಕೊಂಡಿ ಕೊಲ್ಲಿಯ ಮೀನು ಎಂಬುದು ಕೆಲವು ತಿಂಗಳುಗಳಲ್ಲೇ ಸ್ಪಷ್ಟವಾಗುತ್ತ ಬಂತು. ಹೆಚ್ಚುಕಡಿಮೆ ಇದೇ ಹೊತ್ತಿಗೆ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದವು, ಸುತ್ತಲ ಹಳ್ಳಿಗರು ಜ್ವರದಲ್ಲಿ ಬೀಳುತ್ತಿದ್ದರು. ಮಂಗನ ಕಾಯಿಲೆಯ ಆ ಸುಳಿವು ಹಿಡಿದು ಹೋದ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು 1957ರಲ್ಲೇ ವೈರಸನ್ನು ಬೇರ್ಪಡಿಸಿದರು. ಮಂಗನ ಸಾವನ್ನು ಮುಚ್ಚಿಡುವುದರಿಂದ ಯಾರಿಗೂ ಲಾಭವಿರಲಿಲ್ಲ. ಮಿನಮಾಟದ ಬೆಕ್ಕಿನ ಸಾವಿನ ಹಿಂದೆ ಇದ್ದದ್ದು ಊರಿನ ಅನ್ನದಾತನೆನಿಸಿದ ಕಾರ್ಖಾನೆ.

ಬೆಕ್ಕನ್ನು ಮೊದಲು ಪ್ರಯೋಗಕ್ಕೆ ತಂದು ಯಶಸ್ಸು ಕಂಡವರು ಆರೋಗ್ಯ ಕೇಂದ್ರದ ಮುಖ್ಯಸ್ಥ ಇತೊ ಹಸುವೊ. 1957ರ ವಸಂತದಲ್ಲಿ ಅವರು ಆರೋಗ್ಯವಾಗಿದ್ದ ಬೆಕ್ಕುಗಳನ್ನು ಕೇಂದ್ರದಲ್ಲೇ ಕಟ್ಟಿಹಾಕಿ ಕೊಲ್ಲಿಯಲ್ಲಿ ಹಿಡಿದ ಮೀನನ್ನು ತಿನ್ನಿಸಿದರು. ವಾರಗಳೊಳಗೆ ಬೆಕ್ಕುಗಳಿಗೆ ಅದೇ ತೂರಾಟ, ಅದೇ ಸೆಳೆತ ಬಂತು. ವಿಶ್ವವಿದ್ಯಾಲಯದವರು ದೂರದ ಊರುಗಳಿಂದ ಬೆಕ್ಕುಗಳನ್ನು ತಂದು ಮಿನಮಾಟದ ಮೀನುಗಾರರ ಮನೆಗಳಲ್ಲಿ ಬಿಟ್ಟರೆ ಒಂದೆರಡು ತಿಂಗಳಲ್ಲಿ ಅವೂ ಹುಚ್ಚೆದ್ದವು. ರೋಗಶಾಸ್ತ್ರದ ಪ್ರಾಧ್ಯಾಪಕ ತಕೆಉಚಿ ತದಾವೊ ಸತ್ತ ಬೆಕ್ಕುಗಳ ಮಿದುಳನ್ನೂ ಸತ್ತ ರೋಗಿಗಳ ಮಿದುಳನ್ನೂ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದಾಗ ಹಾನಿಯ ರೀತಿ ಒಂದನ್ನೊಂದು ಹೋಲುತ್ತಿತ್ತು.

ಇಷ್ಟು ಸಾಕಾಗಬೇಕಿತ್ತು. ವಿಷ ಯಾವುದೆಂದು ಗೊತ್ತಿಲ್ಲದಿದ್ದರೂ ಅದು ಮೀನಿನಲ್ಲಿದೆ ಎಂಬುದು ಖಚಿತವಾಗಿತ್ತು. ಕುಮಾಮೊಟೊ ಪ್ರಾಂತ್ಯದ ಆಡಳಿತ ಆಹಾರ ನೈರ್ಮಲ್ಯ ಕಾಯಿದೆಯಡಿ ಕೊಲ್ಲಿಯ ಮೀನು ಹಿಡಿಯುವುದನ್ನೂ ಮಾರುವುದನ್ನೂ ನಿಷೇಧಿಸಲು ಯೋಚಿಸಿ ಕೇಂದ್ರ ಸರ್ಕಾರದ ಅಭಿಪ್ರಾಯ ಕೇಳಿತು. 1957ರ ಸೆಪ್ಟೆಂಬರ್‌ನಲ್ಲಿ ಆರೋಗ್ಯ ಮಂತ್ರಾಲಯದಿಂದ ಬಂದ ಉತ್ತರ ಹೀಗಿತ್ತು: ಕೊಲ್ಲಿಯ ಎಲ್ಲ ಮೀನುಗಳೂ ವಿಷಪೂರಿತವಾಗಿವೆ ಎನ್ನಲು ಸ್ಪಷ್ಟ ಆಧಾರವಿಲ್ಲ, ಆದ್ದರಿಂದ ಕಾಯಿದೆ ಅನ್ವಯಿಸುವುದಿಲ್ಲ. ಒಂದೊಂದು ಮೀನಿನ ವಿಷವನ್ನೂ ಪ್ರತ್ಯೇಕವಾಗಿ ಸಾಬೀತುಮಾಡಬೇಕೆಂಬ ಈ ವಾದ ಕಾಗದದ ಮೇಲೆ ಸರಿಯಾಗಿಯೇ ಕಾಣುತ್ತದೆ, ಕೊಲ್ಲಿಯ ಅಂಚಿನಲ್ಲಿ ಅದಕ್ಕೆ ಅರ್ಥವಿರಲಿಲ್ಲ. ಮೀನು ತಿನ್ನಬೇಡಿ ಎಂಬ ಸಲಹೆ ಮಾತ್ರ ಉಳಿಯಿತು. ತಿನ್ನಲು ಬೇರೇನೂ ಇಲ್ಲದವರು ತಿಂದರು.

ವಿಷ ಯಾವುದು ಎಂಬ ಹುಡುಕಾಟ ಮ್ಯಾಂಗನೀಸ್, ಸೆಲೆನಿಯಮ್, ಥಾಲಿಯಮ್‌ಗಳ ಸುತ್ತ ಗಿರಕಿ ಹೊಡೆಯಿತು. ಕಾರ್ಖಾನೆಯ ಕೊಳಚೆಯಲ್ಲಿ ಎಷ್ಟು ಬಗೆಯ ಲೋಹಗಳಿದ್ದವೆಂದರೆ ಒಂದನ್ನು ಬಿಟ್ಟರೆ ಇನ್ನೊಂದು ಅಡ್ಡಬರುತ್ತಿತ್ತು. 1958ರ ಮಾರ್ಚ್‌ನಲ್ಲಿ ರೋಗಿಗಳನ್ನು ನೋಡಿದ ಬ್ರಿಟಿಷ್ ನರವೈದ್ಯ ಡಗ್ಲಸ್ ಮ್ಯಾಕ್ ಆಲ್ಪೈನ್ ಅವರಿಗೆ ಇಂಗ್ಲೆಂಡಿನ ಹಳೆಯ ಪ್ರಕರಣವೊಂದು ನೆನಪಾಯಿತು. ಅಲ್ಲಿ ಬಿತ್ತನೆಬೀಜಕ್ಕೆ ಲೇಪಿಸುವ ಔಷಧಿ ತಯಾರಿಸುತ್ತಿದ್ದ ನಾಲ್ವರು ಕೆಲಸಗಾರರು ಮೀಥೈಲ್ ಪಾದರಸದ ಆವಿ ಸೇವಿಸಿ ಕಾಯಿಲೆ ಬಿದ್ದದ್ದನ್ನು ಹಂಟರ್, ಬಾಮ್‌ಫರ್ಡ್ ಮತ್ತು ರಸೆಲ್ 1940ರಲ್ಲಿ ವರದಿ ಮಾಡಿದ್ದರು. ತಡವರಿಸುವ ನಡಿಗೆ, ಕೊಳವೆಯಲ್ಲಿ ನೋಡಿದಂತೆ ಕಿರಿದಾಗುವ ನೋಟ, ಜೋಮು ಹಿಡಿದ ಬೆರಳು ಎಲ್ಲವೂ ಮಿನಮಾಟದಂತೆಯೇ. ಕುಮಾಮೊಟೊ ತಂಡ ಪಾದರಸದತ್ತ ತಿರುಗಿತು. ಕಾಲುವೆಯ ಬಾಯಿಯ ಹೂಳಿನಲ್ಲಿ ಟನ್ನಿಗೆ ಸುಮಾರು 2 ಕಿಲೋ ಪಾದರಸ ಸಿಕ್ಕಿತು. ರೋಗಿಯೊಬ್ಬರ ಕೂದಲಲ್ಲಿ ಪಾದರಸ ಹತ್ತು ಲಕ್ಷಕ್ಕೆ 705 ಪಾಲು ಇತ್ತು. 1959ರ ಜುಲೈ 22ರಂದು ತಂಡ ರೋಗಕ್ಕೆ ಕಾರಣ ಸಾವಯವ ಪಾದರಸ ಎಂದು ಘೋಷಿಸಿತು.

ಅದಕ್ಕೆ ಸರಿಯಾಗಿ ಒಂದು ದಿನ ಮೊದಲು, ಜುಲೈ 21ರಂದು, ಕಾರ್ಖಾನೆಯ ಆಸ್ಪತ್ರೆಯ ಬೆಕ್ಕಿನ ಕೊಟ್ಟಿಗೆಯಲ್ಲಿ ಇನ್ನೊಂದು ಪ್ರಯೋಗ ಶುರುವಾಗಿತ್ತು. ಡಾ. ಹೊಸೊಕಾವಾ 1957ರಿಂದಲೇ ಬೆಕ್ಕುಗಳಿಗೆ ಒಂದೊಂದು ಸಂಖ್ಯೆ ಕೊಟ್ಟು ಪರೀಕ್ಷಿಸುತ್ತ ಬಂದಿದ್ದರು. ಮೊದಮೊದಲು ಮೀನು, ಚಿಪ್ಪು, ಬಗೆಬಗೆಯ ಲೋಹಗಳು. ಆದರೆ ಕೊಳಚೆ ನೀರನ್ನೇ ನೇರವಾಗಿ ಕೊಟ್ಟು ನೋಡುವ ಸುಲಭದ, ಕಂಪನಿಯ ಪಾಲಿಗೆ ಅತಿ ಅಪಾಯದ ಪರೀಕ್ಷೆ ಆಗಿರಲಿಲ್ಲ. 400ನೆಯ ಸಂಖ್ಯೆಯ ಬೆಕ್ಕಿಗೆ ಅವರು ಅಸಿಟಾಲ್ಡಿಹೈಡ್ ವಿಭಾಗದ ತ್ಯಾಜ್ಯ ನೀರನ್ನು ದಿನವೂ 20 ಸಿ.ಸಿ.ಯಷ್ಟು ಊಟಕ್ಕೆ ಬೆರೆಸಿ ಹಾಕಿದರು. ಎರಡು ತಿಂಗಳು ಕಳೆದರೂ ಏನೂ ಕಾಣಲಿಲ್ಲ. ಅಕ್ಟೋಬರ್ 6ರಂದು ಬೆಕ್ಕು ತೂರಾಡಿತು, ಸೆಳೆತಕ್ಕೆ ಬಿತ್ತು, ಗೋಡೆಗೆ ಹಾಯ್ದುಕೊಂಡು ಓಡಿತು. ಅಕ್ಟೋಬರ್ 24ರಂದು ಅದನ್ನು ಕೊಂದು ಅಂಗಾಂಗಗಳನ್ನು ಕ್ಯೂಶೂ ವಿಶ್ವವಿದ್ಯಾಲಯಕ್ಕೆ ಕಳಿಸಿದರು. ಮಿನಮಾಟ ರೋಗದ ಗುರುತುಗಳೇ ಅಲ್ಲಿದ್ದವು.

ಹೊಸೊಕಾವಾ ಇದನ್ನು ಕಂಪನಿಯ ತಾಂತ್ರಿಕ ವಿಭಾಗದವರಿಗೆ ತಿಳಿಸಿದರು. ಒಂದೇ ಬೆಕ್ಕಿನಿಂದ ಏನನ್ನೂ ಸಾಧಿಸಲಾಗದು, ಇನ್ನಷ್ಟು ಬೆಕ್ಕುಗಳ ಮೇಲೆ ಮಾಡಬೇಕು ಎಂಬುದು ಅವರ ಬೇಡಿಕೆ. ವೈದ್ಯನೊಬ್ಬ ಕೇಳಬೇಕಾದ್ದೂ ಅದನ್ನೇ. ಕಂಪನಿ ತ್ಯಾಜ್ಯ ನೀರಿನ ಪ್ರಯೋಗವನ್ನು ನಿಲ್ಲಿಸಿತು, ಫಲಿತಾಂಶವನ್ನು ಹೊರಗೆ ಬಿಡಲಿಲ್ಲ. ಹೊರಗೆ ಅದು ಪಾದರಸದ ಸಿದ್ಧಾಂತವನ್ನು ಅಲ್ಲಗಳೆಯುತ್ತಲೇ ಇತ್ತು. ಯುದ್ಧ ಮುಗಿದಾಗ ಕೊಲ್ಲಿಯಲ್ಲಿ ಸುರಿದ ಸಿಡಿಮದ್ದಿನಿಂದ ರೋಗ ಬಂದಿರಬಹುದು ಎಂದು ರಾಸಾಯನಿಕ ಉದ್ಯಮದ ಸಂಘದವರು ಹೇಳಿದರು. ಕೊಳೆತ ಮೀನಿನ ಅಮೈನ್‌ಗಳಿಂದ ಬಂದದ್ದು ಎಂದು ಟೋಕಿಯೊದ ಪ್ರಾಧ್ಯಾಪಕರೊಬ್ಬರು ವಾದಿಸಿದರು. ಕೊಳೆತ ಮೀನು ಜಪಾನಿನ ಎಲ್ಲ ಕರಾವಳಿಯಲ್ಲೂ ಇತ್ತು, ಹುಚ್ಚೆದ್ದ ಬೆಕ್ಕುಗಳಿದ್ದುದು ಇಲ್ಲಿ ಮಾತ್ರ. ಇಂಥ ವಾದಗಳನ್ನು ಯಾರಾದರೂ ನಂಬಬೇಕೆಂದೇನೂ ಇರಲಿಲ್ಲ, ವಿಷಯ ಇನ್ನೂ ಚರ್ಚೆಯಲ್ಲಿದೆ ಎನಿಸಿದರೆ ಸಾಕಿತ್ತು.

ಅಷ್ಟರಲ್ಲಿ ವಿಷದ ಹರಹು ಹೆಚ್ಚಿತ್ತು. 1958ರ ಸೆಪ್ಟೆಂಬರ್‌ನಲ್ಲಿ ಕಂಪನಿ ಅಸಿಟಾಲ್ಡಿಹೈಡ್ ನೀರನ್ನು ಕೊಲ್ಲಿಯ ಬದಲು ಮಿನಮಾಟ ನದಿಯ ಅಳಿವೆಗೆ ತಿರುಗಿಸಿತ್ತು. ಅದುವರೆಗೆ ಕೊಲ್ಲಿಯೊಳಗಿದ್ದ ರೋಗ ಕೊಲ್ಲಿಯಾಚೆಯ ಶಿರನುಯಿ ಸಮುದ್ರದ ಉದ್ದಕ್ಕೂ ಹಬ್ಬಿತು. ಬಡಗಣ ಕೇರಿಗಳಲ್ಲೂ ಎದುರು ದಡದ ದ್ವೀಪಗಳಲ್ಲೂ ಮೊದಲು ಬೆಕ್ಕುಗಳು, ಹಿಂದೆಯೇ ಜನ ಬಿದ್ದರು. 1959ರ ನವೆಂಬರ್ 2ರಂದು ಸಿಟ್ಟಿಗೆದ್ದ ಮೀನುಗಾರರು ಕಾರ್ಖಾನೆಗೆ ನುಗ್ಗಿ ಕಚೇರಿಗಳನ್ನು ಧ್ವಂಸಮಾಡಿದರು. ನವೆಂಬರ್ 12ರಂದು ಆರೋಗ್ಯ ಮಂತ್ರಾಲಯದ ಸಮಿತಿ ಪಾದರಸದ ಸಂಯುಕ್ತವೇ ಮುಖ್ಯ ಕಾರಣವೆಂದು ವರದಿ ಕೊಟ್ಟಿತು, ಅದು ಎಲ್ಲಿಂದ ಬಂತೆಂಬುದನ್ನು ಹೇಳಲಿಲ್ಲ. ಮರುದಿನ ಸಮಿತಿಯ ಮಿನಮಾಟ ವಿಭಾಗವನ್ನೇ ವಿಸರ್ಜಿಸಲಾಯಿತು. ಡಿಸೆಂಬರ್‌ನಲ್ಲಿ ಕಂಪನಿ ನೀರು ಶುದ್ಧಿ ಮಾಡುವ ಯಂತ್ರವೊಂದನ್ನು ಆಡಂಬರದಿಂದ ಉದ್ಘಾಟಿಸಿತು. ಕರಗಿದ ಮೀಥೈಲ್ ಪಾದರಸವನ್ನು ತೆಗೆಯುವ ಶಕ್ತಿ ಅದಕ್ಕಿರಲಿಲ್ಲ.

ಡಿಸೆಂಬರ್ 30ರಂದು ರೋಗಿಗಳೊಂದಿಗೆ ಒಪ್ಪಂದವಾಯಿತು. ಬದುಕಿರುವ ವಯಸ್ಕರಿಗೆ ವರ್ಷಕ್ಕೆ 1,00,000 ಯೆನ್, ಮಕ್ಕಳಿಗೆ 30,000 ಯೆನ್, ಸತ್ತವರ ಕುಟುಂಬಕ್ಕೆ ಒಮ್ಮೆಗೆ 3,00,000 ಯೆನ್. ಇದೂ ಸಹಾನುಭೂತಿಯ ಹಣವೇ. ರೋಗಕ್ಕೆ ಕಾರ್ಖಾನೆಯ ನೀರೇ ಕಾರಣವೆಂದು ಮುಂದೆ ಗೊತ್ತಾದರೂ ಹೊಸ ಪರಿಹಾರ ಕೇಳುವಂತಿಲ್ಲ ಎಂಬ ಮಾತನ್ನೂ ಬರೆಸಿಕೊಂಡರು. ಇದರ ಮೇಲೆ ಸಹಿ ಬೀಳುವ ಹೊತ್ತಿಗೆ 400ನೆಯ ಬೆಕ್ಕು ಸತ್ತು ಎರಡು ತಿಂಗಳು ಮೀರಿತ್ತು. ಆ ಷರತ್ತು ಕೇವಲ ವಕೀಲರ ಮುನ್ನೆಚ್ಚರಿಕೆ ಎಂದು ನಂಬುವುದು ಕಷ್ಟ.

ಮುಂದಿನ ಕೆಲವು ವರ್ಷ ಮಿನಮಾಟದ ಸುದ್ದಿ ಪತ್ರಿಕೆಗಳಿಂದ ಮಾಯವಾಯಿತು. ಕೆಲಸ ನಿಂತಿರಲಿಲ್ಲ. ಕಾರ್ಖಾನೆಯೊಳಗಿನ ರಸಾಯನತಜ್ಞರೇ 1962ರ ಸುಮಾರಿಗೆ ತ್ಯಾಜ್ಯ ನೀರಿನಿಂದ ಸಾವಯವ ಪಾದರಸವನ್ನು ಬೇರ್ಪಡಿಸಿದ್ದರು, ಅದೂ ಗುಟ್ಟಾಗಿಯೇ ಉಳಿಯಿತು. ಕುಮಾಮೊಟೊ ವಿಶ್ವವಿದ್ಯಾಲಯದ ಇರುಕಯಾಮ ಕತ್ಸುರೊ ಅವರ ತಂಡ ಕಾರ್ಖಾನೆಯ ಕೆಸರಿನಲ್ಲೇ ಮೀಥೈಲ್ ಪಾದರಸವಿರುವುದನ್ನು 1963ರಲ್ಲಿ ಪ್ರಕಟಿಸಿತು. ಮೀನು ತಿನ್ನದಿದ್ದರೂ ಹುಟ್ಟಿನಿಂದಲೇ ಕೈಕಾಲು ಸ್ವಾಧೀನವಿಲ್ಲದ ಮಕ್ಕಳು ಈ ಕೇರಿಗಳಲ್ಲಿ ಹೆಚ್ಚಾಗಿದ್ದರು. ತಾಯ ಗರ್ಭದ ಮಾಸು ವಿಷವನ್ನು ತಡೆಯುತ್ತದೆ ಎಂದು ವೈದ್ಯಶಾಸ್ತ್ರ ಆಗ ನಂಬಿತ್ತು. ಬಸುರಿಯಲ್ಲಿ ತಿಂದ ಮೀನಿನಿಂದಲೇ ಹೀಗಾಯಿತು ಎಂದು ತಾಯಂದಿರು ಹೇಳುತ್ತಿದ್ದರು. ಹರಾದ ಮಸಝುಮಿ ಮುಂತಾದ ವೈದ್ಯರ ಅಧ್ಯಯನದಿಂದ 1962ರಲ್ಲಿ ತಾಯಂದಿರ ಮಾತು ಒಪ್ಪಿತವಾಯಿತು. 1965ರಲ್ಲಿ ನೂರಾರು ಮೈಲಿ ದೂರದ ನೀಗಾತಾದಲ್ಲಿ, ಶೋವಾ ಡೆಂಕೊ ಕಂಪನಿಯ ಅಸಿಟಾಲ್ಡಿಹೈಡ್ ಘಟಕದ ಕೊಳಚೆ ಸೇರುತ್ತಿದ್ದ ಅಗಾನೊ ನದಿಯ ದಂಡೆಯಲ್ಲಿ, ಅದೇ ರೋಗ ಕಾಣಿಸಿಕೊಂಡಿತು. ಅಲ್ಲಿಯೂ ಬೆಕ್ಕುಗಳು ಹುಚ್ಚೆದ್ದು ಸತ್ತಿದ್ದವು. ಹತ್ತು ವರ್ಷ ಮೊದಲೇ ಮೋದೊದ ಬೆಕ್ಕುಗಳ ವಿಷಯವನ್ನು ಇಲಿಗಳ ಸುದ್ದಿಯೆಂದು ಓದದೆ ಇದ್ದಿದ್ದರೆ ನೀಗಾತಾದ ಕಥೆ ಬೇರೆಯಾಗುತ್ತಿತ್ತೇನೋ.

ಚಿಸ್ಸೊ ಮಿನಮಾಟದಲ್ಲಿ ಅಸಿಟಾಲ್ಡಿಹೈಡ್ ತಯಾರಿಕೆಯನ್ನು 1968ರ ಮೇ ತಿಂಗಳಲ್ಲಿ ನಿಲ್ಲಿಸಿತು. ಕಾರಣ ಪಾದರಸವಲ್ಲ, ಪೆಟ್ರೋಲಿಯಮ್ ಮೂಲದ ಅಗ್ಗದ ವಿಧಾನ ಬಂದದ್ದು. ನಾಲ್ಕು ತಿಂಗಳು ಕಳೆದು, ಸೆಪ್ಟೆಂಬರ್ 26ರಂದು, ರೋಗಕ್ಕೆ ಕಾರ್ಖಾನೆಯ ಮೀಥೈಲ್ ಪಾದರಸವೇ ಕಾರಣವೆಂದು ಸರ್ಕಾರ ಅಧಿಕೃತವಾಗಿ ಒಪ್ಪಿತು. ಬೆಕ್ಕಿನ ಕೊಟ್ಟಿಗೆಯಲ್ಲಿ ಅದು ಗೊತ್ತಾಗಿ ಒಂಬತ್ತು ವರ್ಷವಾಗಿತ್ತು. ಅಷ್ಟರೊಳಗೆ ಸಮುದ್ರ ಸೇರಿದ ಪಾದರಸ 70ರಿಂದ 150 ಟನ್ ಇರಬಹುದೆಂದು ಅಂದಾಜು.

ರೋಗಿಗಳ ಒಂದು ಗುಂಪು 1969ರ ಜೂನ್ 14ರಂದು ಕುಮಾಮೊಟೊ ಜಿಲ್ಲಾ ನ್ಯಾಯಾಲಯದಲ್ಲಿ ದಾವೆ ಹೂಡಿತು. ಆ ಕಾಲದಲ್ಲಿ ಇಂಥ ತ್ಯಾಜ್ಯದಿಂದ ಹೀಗಾಗುತ್ತದೆಂದು ಯಾರೂ ಊಹಿಸುವಂತಿರಲಿಲ್ಲ ಎಂಬುದು ಕಂಪನಿಯ ಮುಖ್ಯ ವಾದ. ಡಾ. ಹೊಸೊಕಾವಾ 1962ರಲ್ಲಿ ಕೆಲಸ ಬಿಟ್ಟು ಊರಿಗೆ ಹೋಗಿದ್ದರು. ಪರಿಸರ ಹೋರಾಟಗಾರನಾಗಿ ಮುಂದೆ ಹೆಸರಾದ ಎಂಜಿನಿಯರ್ ಉಯಿ ಜುನ್ ಅವರಿಗೆ ಬೆಕ್ಕಿನ ಪ್ರಯೋಗದ ಸುಳಿವು ಸಿಕ್ಕಿತ್ತು, ಅವರು ಹೊಸೊಕಾವಾರನ್ನು ಕಂಡು ಅದನ್ನು ಖಚಿತಪಡಿಸಿಕೊಂಡಿದ್ದರು. 1970ರ ಜುಲೈ 4ರಂದು ನ್ಯಾಯಾಧೀಶರೇ ಟೋಕಿಯೊದ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ ಹಾಸಿಗೆಯಲ್ಲಿದ್ದ ಹೊಸೊಕಾವಾ ಅವರ ಸಾಕ್ಷ್ಯ ಪಡೆದರು. 400ನೆಯ ಬೆಕ್ಕಿಗೆ ಏನು ತಿನ್ನಿಸಿದರು, ಏನಾಯಿತು, ಯಾರಿಗೆ ತಿಳಿಸಿದರು, ಯಾರು ತಡೆದರು ಎಂಬುದನ್ನು ಅವರು ಹೇಳಿದರು. ಅದೇ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಹೊಸೊಕಾವಾರನ್ನು ವೀರನೆಂದೂ ಹೇಡಿಯೆಂದೂ ಚಿತ್ರಿಸಿದವರಿದ್ದಾರೆ. ರೋಗವನ್ನು ಮೊದಲು ವರದಿ ಮಾಡಿದವರೂ ಅವರೇ, ಗೊತ್ತಿದ್ದ ಸತ್ಯದ ಬಗ್ಗೆ ಹನ್ನೊಂದು ವರ್ಷ ಬಹಿರಂಗವಾಗಿ ಮಾತಾಡದವರೂ ಅವರೇ; ಎರಡರಲ್ಲಿ ಒಂದನ್ನು ಬಿಟ್ಟರೆ ಚಿತ್ರ ಅರ್ಧವಾಗುತ್ತದೆ.

1973ರ ಮಾರ್ಚ್ 20ರ ತೀರ್ಪಿನಲ್ಲಿ ನ್ಯಾಯಾಲಯ ಕಂಪನಿಯ ನಿರ್ಲಕ್ಷ್ಯವನ್ನು ಎತ್ತಿಹಿಡಿದು, 1959ರ ಒಪ್ಪಂದ ನೀತಿಬಾಹಿರವೆಂದು ರದ್ದುಮಾಡಿತು. ಹಾನಿಯ ತೀವ್ರತೆಗೆ ತಕ್ಕಂತೆ ರೋಗಿಯೊಬ್ಬರಿಗೆ 1.6 ಕೋಟಿಯಿಂದ 1.8 ಕೋಟಿ ಯೆನ್ ಪರಿಹಾರ ನಿಗದಿಯಾಯಿತು. ಕಂಪನಿಯ ಮಾಜಿ ಅಧ್ಯಕ್ಷ ಮತ್ತು ಮಾಜಿ ಕಾರ್ಖಾನೆ ಮುಖ್ಯಸ್ಥರ ಮೇಲಿನ ಕ್ರಿಮಿನಲ್ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 1988ರಲ್ಲಿ ಖಾಯಂಗೊಳಿಸಿತು. ರೋಗ ಹರಡದಂತೆ ತಡೆಯದ ಹೊಣೆ ಸರ್ಕಾರ ಮತ್ತು ಪ್ರಾಂತ್ಯದ ಆಡಳಿತದ್ದೂ ಹೌದು ಎಂದು ಅದೇ ನ್ಯಾಯಾಲಯ ಹೇಳಲು 2004 ಬರಬೇಕಾಯಿತು.

ಬೆಕ್ಕಿನ ಸಾಕ್ಷ್ಯ ಜಪಾನಿನಾಚೆಗೂ ಕೆಲಸಕ್ಕೆ ಬಂತು. ಕೆನಡಾದ ಒಂಟಾರಿಯೊ ಪ್ರಾಂತ್ಯದ ಡ್ರೈಡನ್‌ನಲ್ಲಿ ಕಾಸ್ಟಿಕ್ ಸೋಡಾ ಘಟಕವೊಂದು 1962ರಿಂದ 1970ರವರೆಗೆ ಸುಮಾರು 10 ಟನ್ ಪಾದರಸವನ್ನು ನದಿಗೆ ಬಿಟ್ಟಿತ್ತು. ನದಿಯ ಕೆಳಹರಿವಿನಲ್ಲಿ ಗ್ರಾಸಿ ನ್ಯಾರೋಸ್ ಮತ್ತು ವೈಟ್‌ಡಾಗ್ ಎಂಬ ಮೂಲನಿವಾಸಿಗಳ ನೆಲೆಗಳಿದ್ದವು. ಜನರ ನಡುಕ, ಜೋಮುಗಳಿಗೆ ಕುಡಿತವೇ ಕಾರಣವೆನ್ನುವವರು ಅಲ್ಲಿದ್ದರು. 1975ರಲ್ಲಿ ಹರಾದ ಮತ್ತು ಸಂಗಡಿಗರು ಅಲ್ಲಿಗೆ ಹೋಗಿ ಪರೀಕ್ಷಿಸಿದರು. ಆ ನೆಲೆಗಳ ಬೆಕ್ಕುಗಳಲ್ಲಿ ಮಿನಮಾಟ ರೋಗ ಪತ್ತೆಯಾದುದನ್ನು ತಕೆಉಚಿ ಮತ್ತು ಸಹೋದ್ಯೋಗಿಗಳು 1977ರಲ್ಲಿ ಪ್ರಕಟಿಸಿದರು. ಕುಡಿತದ ವಾದ ಬೆಕ್ಕಿಗೆ ಹೊಂದುವಂತಿರಲಿಲ್ಲ.

ಮಿನಮಾಟ ಕೊಲ್ಲಿಯ ಹೂಳನ್ನು 1977ರಿಂದ 1990ರವರೆಗೆ ಎತ್ತಿ, ಅತಿ ವಿಷಪೂರಿತ ಭಾಗವನ್ನು ಮುಚ್ಚಿ 58 ಹೆಕ್ಟೇರ್ ಹೊಸ ನೆಲ ಮಾಡಲಾಯಿತು. ಮೀನು ಹೊರಹೋಗದಂತೆ ಕೊಲ್ಲಿಗೆ ಅಡ್ಡಲಾಗಿ ಕಟ್ಟಿದ್ದ ಬಲೆಗಳನ್ನು ತೆಗೆದದ್ದು 1997ರಲ್ಲಿ. ಕಾರ್ಖಾನೆಯ 1959ರ ಬೆಕ್ಕಿನ ಪ್ರಯೋಗವನ್ನು ಜಪಾನಿನ ರೋಗಶಾಸ್ತ್ರಜ್ಞರು ಮರುಪರಿಶೀಲಿಸಿ 2001ರಲ್ಲಿ ಪ್ರಬಂಧ ಬರೆದರು. ಪಾದರಸದ ಬಳಕೆಗೆ ಕಡಿವಾಣ ಹಾಕುವ ಮಿನಮಾಟ ಒಪ್ಪಂದವನ್ನು 2013ರ ಅಕ್ಟೋಬರ್‌ನಲ್ಲಿ ಕುಮಾಮೊಟೊದಲ್ಲೇ ಅಂಗೀಕರಿಸಲಾಯಿತು. 2017ರಲ್ಲಿ ಅದು ಜಾರಿಗೆ ಬಂತು, ಭಾರತ 2018ರಲ್ಲಿ ಅನುಮೋದಿಸಿತು. ಕುಮಾಮೊಟೊ ಮತ್ತು ಕಾಗೊಶಿಮಾ ಪ್ರಾಂತ್ಯಗಳಲ್ಲಿ ಸರ್ಕಾರ ಮಿನಮಾಟ ರೋಗಿಗಳೆಂದು ದೃಢೀಕರಿಸಿದವರು 2,200ಕ್ಕೂ ಹೆಚ್ಚು. ದೃಢೀಕರಣ ಸಿಗದೆ ಬೇರೆ ಯೋಜನೆಗಳಡಿ ಅಲ್ಪಸ್ವಲ್ಪ ಪರಿಹಾರ ಪಡೆದವರು ಹತ್ತಾರು ಸಾವಿರ ಜನ. ಅದೂ ಸಿಗದವರು ಹೂಡಿದ ಮೊಕದ್ದಮೆಯಲ್ಲಿ ಒಸಾಕಾ ಜಿಲ್ಲಾ ನ್ಯಾಯಾಲಯ 2023ರ ಸೆಪ್ಟೆಂಬರ್‌ನಲ್ಲಿ ಎಲ್ಲ 128 ಅರ್ಜಿದಾರರನ್ನೂ ರೋಗಿಗಳೆಂದು ಒಪ್ಪಿತು. ಆರು ತಿಂಗಳ ಬಳಿಕ ಕುಮಾಮೊಟೊ ಜಿಲ್ಲಾ ನ್ಯಾಯಾಲಯ ಅಂಥದೇ ದಾವೆಯಲ್ಲಿ 144 ಜನರ ಬೇಡಿಕೆಯನ್ನು ತಳ್ಳಿಹಾಕಿತು.